ಆಚಾರ್ಯ ರಾಮನ್ನರ ನೇತ್ರವಿಚಾರ

ಸರ್ ಚಂದ್ರಶೇಖರ ವೆಂಕಟರಾಮನ್ನರ ಹೆಸರನ್ನು ಕೇಳಿದೊಡನೆ ವಾಚಕಮಹಾಶಯರ ಸ್ಮರಣೆಗೆ ಬರುವುದು ೧೯೨೮ರ ರಾಮನ್ ಪರಿಣಾಮವೂ ೧೯೩೦ರ ನೊಬೆಲ್ ಪಾರಿತೋಷಕವೂ. ಅದೇ ಮಹನೀಯರು ಇಳಿವಯಸ್ಸಿನಲ್ಲಿ, ಕಣ್ಣು ಹೇಗೆ ಕಾಣುತ್ತದೆಂಬ ಪ್ರಶ್ನೆಗೆ ಹಲವು ವರ್ಷಗಳನ್ನು ಮೀಸಲಿಟ್ಟು, ೧೯೬೮ರಲ್ಲಿ 'ದಿ ಫಿಸಿಯಾಲಜಿ ಆಫ್ ವಿಷನ್' ಎಂಬ ಗ್ರಂಥವನ್ನು ಬೆಂಗಳೂರಿನಿಂದ ಹೊರತಂದರೆಂಬುದನ್ನು ಬಲ್ಲವರು ವಿರಳ. ಅವರನ್ನು ಕೊಂಡಾಡುವ ಸಭೆಗಳಲ್ಲಿ ಇದರ ಮಾತೇ ಏಳುವುದಿಲ್ಲ. ಈ ಮೌನವನ್ನು ಭಕ್ತಿಯೆಂದು ನಾನು ಭಾವಿಸಲಾರೆನು.

ರಾಮನ್ನರು ಬೆಂಗಳೂರಿಗೆ ಬಂದುದು ೧೯೩೩ರಲ್ಲಿ. ಮರುವರ್ಷವೇ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿದರು. ಅದಕ್ಕೆ ನಮ್ಮ ನಾಲ್ವಡಿ ಕೃಷ್ಣರಾಜ ಒಡೆಯರವರು ಭೂದಾನವನ್ನಿತ್ತರು. ಆ ನೆಲದಲ್ಲಿಯೇ ಮುಂದೆ ಅವರ ಸಂಶೋಧನಾಲಯವೂ ತಲೆಯೆತ್ತಿತು. ಮೈಸೂರು ಸಂಸ್ಥಾನದ ದಾನವು ಹೀಗೆ ನೇತ್ರಶಾಸ್ತ್ರದ ಒಂದು ವಿವಾದದವರೆಗೂ ಹೋಗಿ ಮುಟ್ಟಿತು.

ಅವರ ಪ್ರಯೋಗವು ಅತಿ ಸರಳವಾದುದು. ಬಣ್ಣದ ಶೋಧಕವೊಂದನ್ನು ಕಣ್ಣಿನ ಮುಂದೆ ಹಿಡಿದು, ಚೆನ್ನಾಗಿ ಬೆಳಗಿದ ಬಿಳಿಯ ತೆರೆಯನ್ನು ಸ್ವಲ್ಪಕಾಲ ದಿಟ್ಟಿಸಿ, ಶೋಧಕವನ್ನು ತಟ್ಟನೆ ಸರಿಸಿದರೆ, ನೋಡುವವನ ಅಕ್ಷಿಪಟಲದ ಮಧ್ಯಭಾಗದ ಚಿತ್ರವೇ ತೆರೆಯ ಮೇಲೆ ಕ್ಷಣಕಾಲ ತೋರುವುದೆಂದು ಅವರು ವರ್ಣಿಸಿದರು. ಚಕ್ಷುರಿಂದ್ರಿಯವು ತೈಜಸ, ಅದರ ರಶ್ಮಿಯು ಹೊರಹೊರಟು ವಿಷಯವನ್ನು ಮುಟ್ಟುತ್ತದೆ ಎಂದು ಸಾಧಿಸಿದ ನೈಯಾಯಿಕರು ಇದನ್ನು ಕಂಡಿದ್ದರೆ ಎಷ್ಟು ಹಿಗ್ಗುತ್ತಿದ್ದರೋ!

ಆದರೆ ಈ ಅನುಭವಗಳಿಂದ ರಾಮನ್ನರು ತೆಗೆದ ಸಿದ್ಧಾಂತವು ನಿಲ್ಲಲಿಲ್ಲ. ಕಣ್ಣಿನಲ್ಲಿ ಮೂರು ಬಗೆಯ ವರ್ಣಗ್ರಾಹಕಗಳಿವೆಯೆಂಬ ಯಂಗ್ ಮತ್ತು ಹೆಲ್ಮ್‌ಹೋಲ್ಟ್ಸರ ಮತವನ್ನು ಅವರು ತಳ್ಳಿಹಾಕಿ, ಬೇರೆ ವರ್ಣದ್ರವ್ಯಗಳನ್ನು ಕಲ್ಪಿಸಿದರು. ಅಷ್ಟರಲ್ಲಿ ಆ ಮತಕ್ಕೆ ಪ್ರತ್ಯಕ್ಷಪ್ರಮಾಣವೇ ದೊರೆತಿತ್ತು. ೧೯೬೪ರಲ್ಲಿ ಅಮೆರಿಕದ ಎರಡು ಪ್ರಯೋಗಶಾಲೆಗಳು, ಮನುಷ್ಯನ ಕಣ್ಣಿನ ಒಂದೊಂದೇ ಶಂಕುಕೋಶದೊಳಗೆ ಬೆಳಕನ್ನು ಹಾಯಿಸಿ, ಅದು ಹೀರುವ ಬಣ್ಣವನ್ನು ಅಳೆದು, ಮೂರು ವರ್ಗಗಳನ್ನು ಗುರುತಿಸಿದ್ದವು. ದೃಷ್ಟಿಯ ರಸಾಯನವನ್ನು ಶೋಧಿಸಿದ ವಾಲ್ಡ್ ಎಂಬವರು ೧೯೬೭ರಲ್ಲಿ ಹಾರ್ಟ್‌ಲೈನ್ ಮತ್ತು ಗ್ರಾನಿಟರೊಡನೆ ನೊಬೆಲ್ ಪಾರಿತೋಷಕವನ್ನು ಪಡೆದರು. ರಾಮನ್ನರ ಗ್ರಂಥವು ಹೊರಬಂದುದು ಅದರ ಮರುವರ್ಷ. ಹೂವಿನ ಬಣ್ಣವನ್ನೂ ಬೆಳಕಿನ ಪಟ್ಟಿಯನ್ನೂ ಅವರಷ್ಟು ತಾಳ್ಮೆಯಿಂದ ನೋಡಿದವರು ಕಡಮೆ. ಕೋಶವನ್ನು ಬಿಡಿಸಿ ನೋಡುವ ಕೆಲಸವು ಮಾತ್ರ ಅವರದಾಗಿರಲಿಲ್ಲ. ತೋರಿಕೆಯಿಂದ ಕಾರಣಕ್ಕೆ ನೇರವಾಗಿ ನೆಗೆದುದೇ ಇಲ್ಲಿ ದೋಷವಾಯಿತೆಂದು ನನಗೆ ತೋರುತ್ತದೆ.

ಕೋಶದೊಳಗಿನ ಕಥೆಯಾದರೋ ಊಹೆಗೆ ನಿಲುಕದ್ದು. ಮಬ್ಬುಬೆಳಕಿನಲ್ಲಿ ಕಾಣಿಸುವ ದಂಡಕೋಶಗಳು ಒಂದೊಂದು ಕಣ್ಣಿನಲ್ಲಿ ಸುಮಾರು ೧೨ ಕೋಟಿ. ಅವುಗಳಲ್ಲಿ ರೊಡಾಪ್ಸಿನ್ ಎಂಬ ದ್ರವ್ಯವಿದೆ. ಅದರ ಒಂದಂಶವು ಎ ಜೀವಸತ್ವದಿಂದ ಹುಟ್ಟಿದುದು. ಬೆಳಕಿನ ಕಣವು ತಾಗಿದೊಡನೆ ಬಾಗಿದ್ದ ಆ ಅಂಶವು ನೆಟ್ಟಗಾಗುತ್ತದೆ. ಅದರ ಪ್ರೇರಣೆಯಿಂದ ಟ್ರಾನ್ಸ್‌ಡ್ಯೂಸಿನ್ ಎಂಬ ಪ್ರೋಟೀನೂ, ಅದರಿಂದ ಕಿಣ್ವವೊಂದೂ ಎಚ್ಚೆತ್ತು, ಕೋಶಭಿತ್ತಿಯ ದ್ವಾರಗಳನ್ನು ತೆರೆದಿಟ್ಟಿದ್ದ ಚಕ್ರೀಯ ಜಿಎಂಪಿಯನ್ನು ಛೇದಿಸುತ್ತವೆ. ದ್ವಾರಗಳು ಮುಚ್ಚುತ್ತವೆ, ಕತ್ತಲೆಯಲ್ಲಿ ಎಡೆಬಿಡದೆ ಸ್ರವಿಸುತ್ತಿದ್ದ ಗ್ಲುಟಮೇಟ್ ಕುಗ್ಗುತ್ತದೆ. ಆ ಕುಗ್ಗುವಿಕೆಯೇ ಮುಂದಿನ ನರಕೋಶಕ್ಕೆ ಸಂದೇಶ! ಶಂಕುಕೋಶಗಳು ಬೆಳಕಿಗೆ ಹೀಗೆ ವಿಪರೀತವಾಗಿ ಪ್ರತಿಸ್ಪಂದಿಸುವುದನ್ನು ಜಪಾನಿನ ಟೊಮಿಟಾ ಎಂಬವರು ೧೯೬೫ರಲ್ಲಿ ಮೀನಿನ ಕಣ್ಣಿನಲ್ಲಿ ತೋರಿಸಿದ್ದರು. ದ್ವಾರಗಳ ರಹಸ್ಯವು ಬಯಲಾದುದು ೧೯೮೫ರಲ್ಲಿ. ಇದನ್ನೋದುವಾಗ, ಅನುಪಲಬ್ಧಿಯೂ ಒಂದು ಪ್ರಮಾಣವೆಂದ ಭಾಟ್ಟ ಮೀಮಾಂಸಕರು ನೆನಪಾಗುತ್ತಾರೆ. ಹಾಗೆಂದು ಪೂರ್ವಿಕರಿಗೆ ಇದೆಲ್ಲವೂ ತಿಳಿದಿತ್ತೆಂದು ವಾದಿಸುವವನು ನಾನಲ್ಲ.

ರಾಮನ್ನರು ೧೯೭೦ರ ನವೆಂಬರ್ ೨೧ರಂದು ಕಾಲವಶರಾದರು. ಅವರ ಲೇಖನಗಳನ್ನು ಆರು ಸಂಪುಟಗಳಲ್ಲಿ ಸಂಪಾದಿಸಿದವರು ಅವರ ಬಂಧುಗಳೂ ವಿಜ್ಞಾನಿಗಳೂ ಆದ ಎಸ್. ರಾಮಶೇಷನ್ನರು. ನಿಲ್ಲದೆ ಹೋದ ಸಿದ್ಧಾಂತವೆಂದು ಅವರು ಈ ಭಾಗವನ್ನು ಬಿಟ್ಟುಬಿಡಲಿಲ್ಲ. ಆರನೆಯ ಸಂಪುಟವನ್ನು ಹೂಗಳ ಬಣ್ಣಕ್ಕೂ ದೃಷ್ಟಿವಿಚಾರಕ್ಕೂ ಮೀಸಲಿಟ್ಟರು.