ಕ್ಯಾಮೆರಾ ಹಿಡಿಯೋಕೂ ಕಾಲೇಜು ಬೇಕಾ?

ಸೂಪಾ ಅಣೆಕಟ್ಟಿನ ಪಕ್ಕದ ಗಣೇಶಗುಡಿಯಲ್ಲಿ ‘ಓಲ್ಡ್ ಮ್ಯಾಗಜಿನ್ ಹೌಸ್’ ಅಂತ ಒಂದು ಜಾಗ ಇದೆ. ಪತ್ರಿಕೆಗೂ ಅದಕ್ಕೂ ಸಂಬಂಧ ಇಲ್ಲ! ಅಣೆಕಟ್ಟು ಕಟ್ಟುವಾಗ ಸಿಡಿಮದ್ದು ಇಡುತ್ತಿದ್ದ ಉಗ್ರಾಣ ಅದು. ಈಗ ಜಂಗಲ್ ಲಾಡ್ಜಸ್‌ನವರ ವಸತಿ. ಹಕ್ಕಿಗಳಿಗೆ ಅಂತ ಇಟ್ಟ ನೀರಿನ ತೊಟ್ಟಿಗಳ ಎದುರು, ದೂರದ ಊರುಗಳಿಂದ ಬಂದವರು ತೋಳುದ್ದದ ಲೆನ್ಸ್ ಹೂಡಿಕೊಂಡು ಉಸಿರು ಬಿಗಿಹಿಡಿದು ಕೂತಿರುತ್ತಾರೆ.

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ. ಈ ನಾಲ್ಕೂ ಕಡೆ ಫೋಟೊಕ್ಕೆ ಬರವಿಲ್ಲ. ದಾಂಡೇಲಿಯ ಮಂಗಟ್ಟೆ ಹಕ್ಕಿ, ಕಾಳಿ ಕಾಡಿನ ಕರಿಚಿರತೆ, ಹಳಿಯಾಳದ ಸಿದ್ದಿ ಜನ, ಮುಂಡಗೋಡದ ಟಿಬೆಟನ್ ಭಿಕ್ಷುಗಳು, ಎಲ್ಲರನ್ನೂ ಜಗತ್ತು ಫೋಟೊ ಹೊಡೆದುಕೊಂಡು ಹೋಗಿದೆ. ಫೋಟೊದ ಒಳಗೆ ನಾವು ಧಾರಾಳವಾಗಿ ಇದ್ದೇವೆ. ಕ್ಯಾಮೆರಾ ಹಿಂದೆ ಎಷ್ಟು ಜನ ಇದ್ದೇವೆ?

ನಮ್ಮ ಕಡೆ ಪಿಯುಸಿ ಮುಗಿಸಿದ ಹುಡುಗನೋ ಹುಡುಗಿಯೋ “ಫೋಟೊಗ್ರಫಿ ಓದ್ತೀನಿ” ಅಂದರೆ ಮನೆಯಲ್ಲಿ ಬರುವ ಉತ್ತರ ಒಂದೇ. “ಅದನ್ನೂ ಓದಬೇಕೇನೋ? ಸ್ಟುಡಿಯೋದಾಗ ಎರಡು ತಿಂಗಳು ನಿಂತರ ತಾನಾಗೇ ಬರ್ತದ!” ಈ ಮಾತು ಪೂರ್ತಿ ತಪ್ಪೂ ಅಲ್ಲ, ಪೂರ್ತಿ ಸರಿಯೂ ಅಲ್ಲ. ಯಾಕೆ ಅಂತ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಫೋಟೊಗ್ರಫಿಯನ್ನು ತರಗತಿಯಲ್ಲಿ ಕಲಿಸುವುದು ಇವತ್ತಿನ ಫ್ಯಾಷನ್ ಅಂದುಕೊಂಡಿದ್ದರೆ, ಅಲ್ಲ. ಮುಂಬಯಿಯ ಎಲ್ಫಿನ್‌ಸ್ಟನ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಫೋಟೊಗ್ರಫಿ ತರಗತಿ ಶುರುವಾದದ್ದು 1855ರಲ್ಲಿ. ಮುಂದೆ ಹೆಸರಾಂತ ಫೋಟೊಗ್ರಾಫರ್ ಆದ ಹರಿಶ್ಚಂದ್ರ ಚಿಂತಾಮಣ್ ಅಲ್ಲಿಯ ವಿದ್ಯಾರ್ಥಿ. ಮದ್ರಾಸಿನಲ್ಲಿ ಅಲೆಕ್ಸಾಂಡರ್ ಹಂಟರ್ ಕಟ್ಟಿದ ಕಲಾಶಾಲೆಯಲ್ಲೂ ಅದೇ ದಶಕದಲ್ಲಿ ಕ್ಯಾಮೆರಾ ಪಾಠಕ್ಕೆ ಬಂತು. ಆಗ ನಮ್ಮ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು, 1862ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಹಾಗಾಗಿ ಕಾಗದದ ಮೇಲೆ ಈ ಎರಡೂ ಪಾಠಶಾಲೆಗಳು ‘ನಮ್ಮವೇ’. ಆದರೆ ಹಳಿಯಾಳದ ಹುಡುಗನಿಗೆ ಅವು ಎಷ್ಟು ದೂರ ಇದ್ದವು ಅನ್ನೋದನ್ನ ನೀವೇ ಊಹಿಸಿಕೊಳ್ಳಿ.

ನಮ್ಮ ಸೀಮೆಗೆ ಕ್ಯಾಮೆರಾ ಹೊತ್ತು ಬಂದವರು ಬ್ರಿಟಿಷ್ ಅಧಿಕಾರಿಗಳು. ಡಾ. ಪಿಗೌ ಮುಂಬಯಿ ವೈದ್ಯಕೀಯ ಸೇವೆಯವರು, ಬಿಗ್ಸ್ ಸೇನಾಧಿಕಾರಿ. ಇವರು ಮತ್ತು ನೀಲ್ ಎಂಬವರು ತೆಗೆದ ಧಾರವಾಡ ಮತ್ತು ಮೈಸೂರು ಸೀಮೆಯ ದೇವಾಲಯಗಳ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ದೊಡ್ಡ ಪುಸ್ತಕವಾಗಿ ಬಂದವು. ಓದಿದ್ದು ಒಂದು, ಮಾಡಿದ್ದು ಇನ್ನೊಂದು. ಭಾರತೀಯರಲ್ಲಿ ದೊಡ್ಡ ಹೆಸರಾದ ರಾಜಾ ದೀನದಯಾಳ್ ಕೂಡ ಓದಿದ್ದು ರೂರ್ಕಿಯಲ್ಲಿ ಇಂಜಿನಿಯರಿಂಗ್. (ಹಳಿಯಾಳದ ಇಂಜಿನಿಯರಿಂಗ್ ಕಾಲೇಜಿನ ಹುಡುಗರು ಇದನ್ನು ಅಪ್ಪನಿಗೆ ತೋರಿಸಬಹುದು!)

ಆಮೇಲೆ ಊರೂರಿಗೆ ಸ್ಟುಡಿಯೋ ಬಂತು. ಕಲಿಕೆ ಎಂದರೆ ಗುರುವಿನ ಕೈಕೆಳಗೆ ದುಡಿಯುವುದು. ಟ್ರೇ ತೊಳಿ, ಹೈಪೊ ಬೆರೆಸು, ಪ್ರಿಂಟ್ ಒಣಹಾಕು, ನೆಗೆಟಿವ್ ಮೇಲೆ ಚೂಪು ಪೆನ್ಸಿಲಿನಿಂದ ರಿಟಚಿಂಗ್ ಮಾಡಿ ಮದುಮಗಳ ಮೊಡವೆ ಅಳಿಸು. ಕೈ ಚೆನ್ನಾಗಿ ಪಳಗುತ್ತಿತ್ತು. ಆದರೆ ಗಿರಾಕಿ ಕೇಳಿದ್ದನ್ನು ಬಿಟ್ಟು ಬೇರೆ ಏನನ್ನಾದರೂ ತೆಗೆಯಲು ರೋಲಿನ ಖರ್ಚು ಬಿಡುತ್ತಿರಲಿಲ್ಲ.

ಕರ್ನಾಟಕದಲ್ಲಿ ಕ್ಯಾಮೆರಾ ಓದಿಗೆ ಗಟ್ಟಿ ನೆಲೆ ಸಿಕ್ಕಿದ್ದು 1940ರ ದಶಕದಲ್ಲಿ, ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಸಂಸ್ಥೆಯ ಸಿನಿಮಾಟೋಗ್ರಫಿ ಡಿಪ್ಲೊಮಾದಿಂದ. ನಾವು ಈಗ ಎಸ್‌ಜೆಪಿ ಎನ್ನುವ ಪಾಲಿಟೆಕ್ನಿಕ್ ಅದೇ. ಅದರ ಮೊದಲ ತಂಡದಲ್ಲಿ ಮೈಸೂರಿನ ಹುಡುಗನೊಬ್ಬ ಇದ್ದ. ಪಿಟೀಲು ನುಡಿಸುತ್ತಿದ್ದ, ಸ್ವಾತಂತ್ರ್ಯ ಚಳವಳಿಯಲ್ಲಿ ಜೈಲಿಗೂ ಹೋಗಿ ಬಂದಿದ್ದ. 1946ರಲ್ಲಿ ಡಿಪ್ಲೊಮಾ ಮುಗಿಸಿ ಮುಂಬಯಿಗೆ ಹೋದ. ಅವರೇ ವಿ.ಕೆ. ಮೂರ್ತಿ.

ಡಿಪ್ಲೊಮಾ ಇತ್ತು ಅಂತ ಮುಂಬಯಿ ಅವರಿಗೆ ರತ್ನಗಂಬಳಿ ಹಾಸಲಿಲ್ಲ. ವರ್ಷಗಟ್ಟಲೆ ಸಹಾಯಕರಾಗಿಯೇ ದುಡಿದರು. ‘ಬಾಜಿ’ (1951) ಚಿತ್ರದ ವೇಳೆ ಒಂದು ಶಾಟ್ ಹೀಗೆ ತೆಗೆಯಬಹುದಲ್ಲ ಎಂದು ನಿರ್ದೇಶಕ ಗುರುದತ್ತರಿಗೆ ಸೂಚಿಸಿದರು. ಗುರುದತ್ತರಿಗೆ ಅದು ಹಿಡಿಸಿತು, ಮುಂದಿನ ‘ಜಾಲ್’ ಚಿತ್ರಕ್ಕೆ ಮೂರ್ತಿಯವರೇ ಛಾಯಾಗ್ರಾಹಕರಾದರು. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ ‘ಕಾಗಜ್ ಕೆ ಫೂಲ್’ (1959) ಅವರದೇ ಕೆಲಸ. ಕತ್ತಲ ಸ್ಟುಡಿಯೋದೊಳಗೆ ಕನ್ನಡಿಗಳಿಂದ ಬಿಸಿಲನ್ನು ತಿರುಗಿಸಿ ಬೆಳಕಿನ ಕಂಬವನ್ನೇ ನಿಲ್ಲಿಸಿದರು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಬಂದಾಗ, ಅದನ್ನು ಪಡೆದ ಮೊದಲ ಛಾಯಾಗ್ರಾಹಕ ಅವರು. 1962ರಲ್ಲಿ ಇದೇ ಸಂಸ್ಥೆಯಿಂದ ಹೊರಬಂದ ಗೋವಿಂದ ನಿಹಲಾನಿ ಮೊದಲು ಸಹಾಯಕರಾಗಿ ಸೇರಿದ್ದು ಮೂರ್ತಿಯವರ ಬಳಿಯೇ. ಅಂದರೆ ಕಾಲೇಜು ಕೊಟ್ಟದ್ದು ಬರೀ ಸರ್ಟಿಫಿಕೇಟ್ ಅಲ್ಲ, ಒಂದು ಬಾಗಿಲು ಕೂಡ.

ಇದಕ್ಕೆ ಉಲ್ಟಾ ಸಾಲೂ ಅಷ್ಟೇ ಉದ್ದ ಇದೆ. ಟಿ.ಎಸ್. ಸತ್ಯನ್ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಓದಿದವರು. 1948ರಲ್ಲಿ ಡೆಕ್ಕನ್ ಹೆರಾಲ್ಡ್ ಸೇರಿದರು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರ ಮಕ್ಕಳ ಚಿತ್ರಗಳನ್ನು ಯುನಿಸೆಫ್ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶಿಸಿತು. ಸಂಡೂರಿನ ಎಂ.ವೈ. ಘೋರ್ಪಡೆ ಕೇಂಬ್ರಿಜ್‌ನಲ್ಲಿ ಓದಿದ್ದು ಅರ್ಥಶಾಸ್ತ್ರ, ರಾಜ್ಯದ ಹಣಕಾಸು ಮಂತ್ರಿಯೂ ಆದರು, ಜೊತೆಗೆ ದೊಡ್ಡ ವನ್ಯಜೀವಿ ಛಾಯಾಗ್ರಾಹಕ. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಕಲಿತದ್ದು ಒ.ಸಿ. ಎಡ್ವರ್ಡ್ಸ್ ಅವರ ಹತ್ತಿರ, ತಾವು ಕಲಿಸಿದ್ದು ಲೆಕ್ಕವಿಲ್ಲದಷ್ಟು ಮಂದಿಗೆ. 1971ರಲ್ಲಿ ಹುಟ್ಟಿದ ಬೆಂಗಳೂರಿನ ಯೂತ್ ಫೋಟೊಗ್ರಫಿಕ್ ಸೊಸೈಟಿಯಂಥ ಕ್ಲಬ್ಬುಗಳು ಪಟ್ಟಣದವರಿಗೆ ಬಿಟ್ಟಿ ವಿಶ್ವವಿದ್ಯಾಲಯವೇ ಆಗಿದ್ದವು.

ಗಮನಿಸಿ, ಪದವಿ ಇಲ್ಲದೆ ಗೆದ್ದವರಿಗೆ ಪದವಿಯ ಬದಲಿಗೆ ಬೇರೇನೋ ಇತ್ತು. ಒಬ್ಬರಿಗೆ ಪತ್ರಿಕೆ, ಒಬ್ಬರಿಗೆ ಮನೆತನ, ಒಬ್ಬರಿಗೆ ಗುರು, ಎಲ್ಲರಿಗೂ ಹತ್ತಿರದಲ್ಲೊಂದು ಗೆಳೆಯರ ಗುಂಪು. “ಸತ್ಯನ್ ಓದಿದ್ರಾ?” ಎಂದು ಕೇಳುವವರು ಜೋಯಿಡಾದ ಹುಡುಗಿಗೆ ಇವುಗಳಲ್ಲಿ ಯಾವುದಿದೆ ಅಂತ ಕೇಳುವುದಿಲ್ಲ. ಕಾಲೇಜು ಹೆಚ್ಚು ಬೇಕಾಗಿರುವುದು ಏನೂ ಇಲ್ಲದವರಿಗೇ.

ಕಾಲೇಜು ಏನು ಕಲಿಸಬಲ್ಲದು? ನನಗೆ ಇದರ ಉತ್ತರ ಸಿಕ್ಕಿದ್ದು ರಾಮನಗರದಲ್ಲಿ. ಹಳೆಯ ಸೂಪಾ ಊರು ಅಣೆಕಟ್ಟಿನ ನೀರಿನಡಿ ಹೋಯಿತು, ಅಣೆಕಟ್ಟು ಮುಗಿದದ್ದು 1987ರಲ್ಲಿ. ಮುಳುಗಡೆಯಾದವರಿಗೆ ರಾಮನಗರದಲ್ಲಿ ಜಾಗ ಕೊಟ್ಟರು. ಅಲ್ಲಿ ಹಲವು ಮನೆಗಳಲ್ಲಿ “ಹಳೇ ಸೂಪಾದ ಫೋಟೊ ಇದೆಯಾ?” ಎಂದು ಕೇಳಿದ್ದೇನೆ. ತಂದು ತೋರಿಸುವುದು ಮದುವೆಯ ಗ್ರೂಪ್ ಫೋಟೊ. ಅದರಲ್ಲಿ ಜನರ ಹಿಂದೆ, ಫೋಕಸ್ ತಪ್ಪಿದ ಕಡೆ, ಒಂದು ಕಂಬ, ಅರ್ಧ ಬಾಗಿಲು, ರಸ್ತೆಯ ಒಂದು ತುಂಡು. ಒಂದು ಮನೆಯ ಅಜ್ಜಿ ಮದುಮಕ್ಕಳನ್ನು ಬಿಟ್ಟು ಆ ಬಾಗಿಲ ಮೇಲೆ ಬೆರಳಿಟ್ಟು “ಇದು ನಮ್ಮನೆ” ಅಂದರು.

ಆ ಫೋಟೊ ತೆಗೆದ ಪುಣ್ಯಾತ್ಮನ ಕೈಚಳಕಕ್ಕೆ ಏನೂ ಕೊರತೆ ಇರಲಿಲ್ಲ. ಇಡೀ ಬೀದಿಯನ್ನು ತೆಗೆದಿಡಬೇಕು ಅಂತ ಅವನಿಗೆ ಯಾರೂ ಹೇಳಿರಲಿಲ್ಲ ಅಷ್ಟೆ. ಬಟನ್ ಒತ್ತುವುದು ಈಗ ಮೊಬೈಲಿಗೂ ಬರುತ್ತದೆ. ಯಾವುದನ್ನು ತೆಗೆಯಬೇಕು, ಯಾಕೆ, ಹೇಗೆ ಕಾಪಾಡಿ ಇಡಬೇಕು, ಅದರಿಂದ ಹೊಟ್ಟೆ ಹೇಗೆ ಹೊರೆಯಬೇಕು... ಓದಬೇಕಾದದ್ದು ಇದನ್ನು.

ಓದುವ ಜಾಗಗಳು ಇವೆ. 1906ರಲ್ಲಿ ಶಂಕುಸ್ಥಾಪನೆಯಾದ ಮೈಸೂರಿನ ಚಾಮರಾಜೇಂದ್ರ ಸಂಸ್ಥೆ ಮುಂದೆ ಕಾವಾ ಆಯಿತು, ಅಲ್ಲಿ ಫೋಟೊಗ್ರಫಿ ಮತ್ತು ಫೋಟೊ ಜರ್ನಲಿಸಂ ವಿಭಾಗವೇ ಇದೆ. ಎಸ್‌ಜೆಪಿಯ ಸಿನಿಮಾ ಕೋರ್ಸಿನ ಪರಂಪರೆ ಹೆಸರಘಟ್ಟದ ಸರ್ಕಾರಿ ಸಂಸ್ಥೆಗೆ ಹೋಯಿತು. ಪದವಿಯ ಮೇಲೆ ಓದುವವರಿಗೆ ಎನ್‌ಐಡಿಯ ಗಾಂಧಿನಗರ ಕ್ಯಾಂಪಸ್ ಇದೆ. ಫೀ ಕಟ್ಟುವ ಮೊದಲು ಹೋಗಿ ನೋಡಿ. ಡಾರ್ಕ್‌ರೂಮ್ ಇದೆಯಾ, ಲೈಬ್ರರಿ ಇದೆಯಾ, ಕ್ಯಾಮೆರಾ ಇಲ್ಲದವರಿಗೆ ಕ್ಯಾಮೆರಾ ಕೊಡ್ತಾರಾ, ಹಿಂದಿನ ವರ್ಷ ಮುಗಿಸಿದವರು ಈಗ ಎಲ್ಲಿದ್ದಾರೆ ಅಂತ ವಿಚಾರಿಸಿ. ಈ ನಾಲ್ಕಕ್ಕೂ ನೇರ ಉತ್ತರ ಸಿಗದಿದ್ದರೆ ಊರಿನ ಸ್ಟುಡಿಯೋವೇ ವಾಸಿ.

ಅಲ್ಲಿಯವರೆಗೆ ಒಂದು ಕೆಲಸ ಮಾಡಿ. ನಿಮ್ಮ ಮನೆಯ ಟ್ರಂಕಿನಲ್ಲಿ ಹಳೆಯ ಮದುವೆ ಫೋಟೊಗಳು ಇದ್ದರೆ ತೆಗೆದು, ಜನರ ಹಿಂದೆ ಏನಿದೆ ನೋಡಿ. ಗುರುತು ಹೇಳುವ ಹಿರಿಯರು ಇನ್ನೂ ಇರುವಾಗಲೇ, ಅದು ಯಾರ ಮನೆ, ಯಾವ ಬೀದಿ ಅಂತ ಫೋಟೊದ ಹಿಂಬದಿಗೆ ಪೆನ್ಸಿಲಿನಲ್ಲಿ ಬರೆದಿಡಿ.