ಮಲ್ಲಿಗೆಯೋ, ಶ್ರೀಗಂಧವೋ?

ಮುಂಬಯಿಯ ಮಹಮ್ಮದ್ ಅಲಿ ರಸ್ತೆಯ ಅತ್ತರಿನ ಅಂಗಡಿಗಳಲ್ಲಿ ನಮ್ಮವರ ಆಯ್ಕೆ ಹೆಚ್ಚಾಗಿ ಎರಡು ಸೀಸೆಗಳ ನಡುವೆ ಬಂದು ನಿಲ್ಲುತ್ತದೆ: ಮಲ್ಲಿಗೆ, ಅಂದರೆ ಅಲ್ಲಿಯ ಮಾತಿನಲ್ಲಿ ಮೋಗ್ರಾ, ಇಲ್ಲವೇ ಶ್ರೀಗಂಧ. ಮೊದಲನೆಯದು ಮುಚ್ಚಳ ತೆರೆದೊಡನೆ ಮನಸ್ಸನ್ನು ಸೆಳೆಯುತ್ತದೆ. ಎರಡನೆಯದು ಆರಂಭದಲ್ಲಿ ಮಂಕಾಗಿ ತೋರಿ, ಮೈಯ ಬಿಸಿಗೆ ಮೆಲ್ಲನೆ ಬಿಚ್ಚಿಕೊಂಡು ಬಹುಹೊತ್ತು ಉಳಿಯುತ್ತದೆ. ಮಾಟುಂಗಾದ ಹೂವಿನ ಅಂಗಡಿಗಳನ್ನು ಹಾದು ಬಂದವರು ಮಲ್ಲಿಗೆಯತ್ತ ವಾಲುವುದು ಸಹಜವೇ.

ಆದರೆ ಇವೆರಡನ್ನೂ ಪ್ರತಿಸ್ಪರ್ಧಿಗಳೆಂದು ಎಣಿಸುವುದು ಚರಿತ್ರೆಗೆ ಒಪ್ಪುವ ಮಾತಲ್ಲ. ಕನೌಜಿನ ಹಳೆಯ ಪದ್ಧತಿಯಲ್ಲಿ ಹೂವನ್ನೂ ನೀರನ್ನೂ ತಾಮ್ರದ ಹಂಡೆಯಲ್ಲಿ ಕಾಯಿಸಿ, ಆವಿಯನ್ನು ಬಿದಿರಿನ ಕೊಳವೆಯ ಮೂಲಕ ಗಂಧದೆಣ್ಣೆಯಿರುವ ಪಾತ್ರೆಗೆ ಇಳಿಸುತ್ತಾರೆ. ಹಾರಿಹೋಗುವ ಪರಿಮಳವನ್ನು ಹಿಡಿದಿಡುವುದು ಆ ಎಣ್ಣೆ. ಎಂದರೆ, ಒಳ್ಳೆಯ ಮಲ್ಲಿಗೆ ಅತ್ತರಿನ ತಳದಲ್ಲಿ ಶ್ರೀಗಂಧವೇ ಇರುತ್ತಿತ್ತು. ಕನ್ನಡವಂತೂ ವಾಸನೆಗೂ ಆ ಮರಕ್ಕೂ 'ಗಂಧ'ವೆಂಬ ಒಂದೇ ಹೆಸರಿಟ್ಟು ಇದನ್ನು ಎಂದೋ ತೀರ್ಮಾನಿಸಿದೆ!

ಈ ಮರದ ಕಥೆ ಮಾತ್ರ ಸುಖದ್ದಲ್ಲ. ಮೈಸೂರಿನ ಗಂಧದ ಕೊರಡುಗಳು ಮೊದಲ ಮಹಾಯುದ್ಧದವರೆಗೆ ಎಣ್ಣೆ ತೆಗೆಯಲೆಂದು ಜರ್ಮನಿಗೆ ಹೋಗುತ್ತಿದ್ದವು. 1914ರಲ್ಲಿ ಆ ದಾರಿ ಮುಚ್ಚಿತು. ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ಅವರ ನೆರವಿನಿಂದ, 1916ರಲ್ಲಿ ಬೆಂಗಳೂರಿನಲ್ಲೇ ಎಣ್ಣೆ ಇಳಿಸುವ ಕೆಲಸ ತೊಡಗಿತು. ಮೈಸೂರು ಸ್ಯಾಂಡಲ್ ಸಾಬೂನು ಇದರ ಮುಂದಿನ ಫಲ.

ಅದು ಹೆಮ್ಮೆಯ ಅಧ್ಯಾಯ. ಅದರ ಬೆನ್ನಿಗೇ ಇನ್ನೊಂದಿದೆ. ಟಿಪ್ಪು ಸುಲ್ತಾನ್ 1792ರಲ್ಲಿ ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದ. ರೈತನ ಹೊಲದಲ್ಲಿ ಹುಟ್ಟಿದ ಮರವೂ ಸರ್ಕಾರದ ಸೊತ್ತೆಂಬ ಪದ್ಧತಿ ಮುಂದೆಯೂ ಉಳಿಯಿತು. ಮರ ಕಳುವಾದರೆ ವಿಚಾರಣೆ ರೈತನಿಗೆ, ಬೆಲೆ ಬೊಕ್ಕಸಕ್ಕೆ! ಹೀಗಿರುವಾಗ ಅನೇಕರು ಸಸಿಯನ್ನು ಎಳೆಯದರಲ್ಲೇ ಕಿತ್ತೆಸೆದರೆ ಅವರನ್ನು ದೂರುವುದೆಂತು? ಕಳ್ಳಸಾಗಣೆಯಷ್ಟೇ ಈ ಕಾನೂನೂ ಮರವನ್ನು ನುಂಗಿತೆಂದು ನನ್ನ ಎಣಿಕೆ.

ಎಣ್ಣೆ ದುಬಾರಿಯಾದಂತೆ ಅತ್ತರಿನ ತಳಕ್ಕೆ ದ್ರವ ಪ್ಯಾರಾಫಿನ್ ಬಂತು. ಇಂದು ಅಗ್ಗದ ಮೋಗ್ರಾ ಸೀಸೆಯನ್ನು ಕೊಳ್ಳುವವರಿಗೆ ಹೂವಿನ ನೆನಪು ದೊರೆತೀತು, ಗಂಧದ ಆಸರೆ ದೊರೆಯದು. ಭೂಮಾಲೀಕನೇ ತನ್ನ ಮರದ ಒಡೆಯನೆಂದು ಕರ್ನಾಟಕ ಕಾಯಿದೆಯನ್ನು ತಿದ್ದಿದ್ದು 2001ರಲ್ಲಿ. ಶ್ರೀಗಂಧದ ತಿರುಳು ಬಲಿಯಲು ದಶಕಗಳೇ ಬೇಕು.