ಕಾಳುಮೆಣಸು ಕಟ್ಟಿದ ನಗರ: ಗೇರುಸೊಪ್ಪೆಯ ಏಳುಬೀಳು

ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರದಿಂದ ಶರಾವತಿಯ ದಂಡೆಗುಂಟ ಸುಮಾರು 30 ಕಿಲೋಮೀಟರ್ ಒಳನಾಡಿಗೆ ಸಾಗಿದರೆ ಗೇರುಸೊಪ್ಪೆ ಸಿಗುತ್ತದೆ. ಹೊಳೆಯ ಆಚೆ ದಡದ ಕಾಡಿನೊಳಗೆ ನಗರಬಸ್ತಿಕೇರಿ ಎಂಬ ಚಿಕ್ಕ ಊರಿದೆ. ಇಂದು ಅಲ್ಲಿ ನಗರವೂ ಇಲ್ಲ, ಹಿಂದಿನ ಕೇರಿಗಳೂ ಇಲ್ಲ. ಉಳಿದಿರುವುದು ಬಸ್ತಿಗಳು ಮಾತ್ರ. ಸಂಸ್ಕೃತದ ‘ವಸತಿ’ಯಿಂದ ‘ಬಸದಿ’, ಅದರಿಂದ ‘ಬಸ್ತಿ’ ಆದ ಶಬ್ದದ ಹಾದಿ ಭಾಷಾಭ್ಯಾಸಿಗಳಿಗೆ ಪರಿಚಿತವೇ. ಆದರೆ ಒಂದು ಸ್ಥಳನಾಮದೊಳಗೆ ನಗರ, ದೇವಾಲಯ, ಬೀದಿ ಮೂರೂ ಹೀಗೆ ಒತ್ತಾಗಿ ಕುಳಿತಿರುವುದು ಅಪರೂಪ. ಶಾಸನಗಳು ಈ ನಗರವನ್ನು ಕ್ಷೇಮಪುರವೆಂದೂ ಭಲ್ಲಾತಕೀಪುರವೆಂದೂ ಕರೆದಿವೆ. ಜನರ ಬಾಯಲ್ಲಿ ಅದು ನಗಿರೆ, ಗೇರುಸೊಪ್ಪೆ. ಹದಿನಾರನೆಯ ಶತಮಾನದ ಪೋರ್ಚುಗೀಸರ ದಫ್ತರಗಳಲ್ಲಿ ಅದು ಕಾಳುಮೆಣಸಿನ ನಾಡು.

ಜಾಗತೀಕರಣ ಎಂಬ ಮಾತನ್ನು ಕನ್ನಡದ ಚರ್ಚೆಗಳು ಸಾಮಾನ್ಯವಾಗಿ 1991ರ ಆರ್ಥಿಕ ನೀತಿಯಿಂದ ಆರಂಭಿಸುತ್ತವೆ, ನಗರದ ಮಾತು ಬಂದರೆ ಬೆಂಗಳೂರಿಗೆ ಹೋಗಿ ನಿಲ್ಲುತ್ತವೆ. ಹದಿನಾರನೆಯ ಶತಮಾನಕ್ಕೆ ಆ ಪದವನ್ನು ಹಚ್ಚುವುದು ಕಾಲದೋಷವೆಂದು ಕೆಲವು ಇತಿಹಾಸಕಾರರು ಹೇಳಬಹುದು. ಆ ಎಚ್ಚರಿಕೆಯಲ್ಲಿ ಹುರುಳಿದೆ. ಆದರೆ ಪದ ಹೊಸದಾದರೂ ಅದು ಸೂಚಿಸುವ ಸಂಬಂಧ ಹೊಸದಲ್ಲ. ಘಟ್ಟದ ತೋಟದಲ್ಲಿ ಬೆಳೆದ ಬಳ್ಳಿಯ ಫಲ ಲಿಸ್ಬನ್ನಿನ ಉಗ್ರಾಣ ಸೇರಿ, ಅಲ್ಲಿಂದ ಆಂಟ್‌ವರ್ಪ್‌ನ ಪೇಟೆಯಲ್ಲಿ ಮಾರಾಟವಾಗುತ್ತಿದ್ದ ಕಾಲವದು. ಬೆಳೆಗಾರನಿಗೆ ಆ ಊರುಗಳ ಹೆಸರೂ ತಿಳಿದಿರಲಾರದು. ಆದರೂ ಅಲ್ಲಿನ ಬೇಡಿಕೆಯು ಇಲ್ಲಿ ಯಾವ ಊರು ಬೆಳೆಯಬೇಕು, ಯಾವ ಊರು ಸೊರಗಬೇಕು ಎಂಬುದನ್ನು ಬಹುಮಟ್ಟಿಗೆ ಪ್ರಭಾವಿಸಿತು.

ಗೇರುಸೊಪ್ಪೆ ಅಲ್ಲಿಯೇ ಏಕೆ ಹುಟ್ಟಿತು ಎಂಬುದಕ್ಕೆ ಉತ್ತರ ನದಿಯಲ್ಲಿದೆ. ಶರಾವತಿಯಲ್ಲಿ ಕಡಲಿನಿಂದ ಮೇಲಕ್ಕೆ ದೋಣಿ ಸಾಗುವುದು ಗೇರುಸೊಪ್ಪೆಯ ತನಕ. ಅದರಾಚೆ ಹೊಳೆ ಬಂಡೆಗಳ ನಡುವೆ ಇಕ್ಕಟ್ಟಾಗುತ್ತದೆ, ಘಟ್ಟದ ಏರು ಮೊದಲಾಗುತ್ತದೆ. ಮಲೆನಾಡಿನಿಂದ ಎತ್ತಿನ ಬೆನ್ನ ಮೇಲೆ, ಆಳಿನ ತಲೆಯ ಮೇಲೆ ಇಳಿದ ಹೇರು ಇಲ್ಲಿ ದೋಣಿಗೆ ಏರಬೇಕು. ಕಡಲಿನಿಂದ ಬಂದ ಸರಕು ಇಲ್ಲಿ ದೋಣಿಯಿಂದ ಇಳಿಯಬೇಕು. ಹೇರು ಬದಲಾಗುವಲ್ಲಿ ತೂಕ ನಡೆಯುತ್ತದೆ, ಸುಂಕ ಕಟ್ಟಬೇಕಾಗುತ್ತದೆ, ಸರಕು ಕಾಯುತ್ತದೆ, ವರ್ತಕ ತಂಗುತ್ತಾನೆ. ನಗರಕ್ಕೆ ಬೇಕಾದ ಮೂಲಸಾಮಗ್ರಿ ಇಷ್ಟೇ. ಹೊನ್ನಾವರ ಅಳಿವೆಯ ಬಾಗಿಲಾದರೆ ಗೇರುಸೊಪ್ಪೆ ಅದರ ಒಳಮನೆ. ಇಂದಿನ ನಗರಯೋಜಕರು ಬಂದರು ಮತ್ತು ಅದರ ಹಿನ್ನಾಡು ಎಂದು ಬರೆಯುವ ನಕ್ಷೆಯನ್ನು ಇಲ್ಲಿ ಹೊಳೆಯೇ ಬರೆದಿತ್ತು.

ವಿಜಯನಗರದ ಸಾಮಂತರಾಗಿ ಆಳಿದ ಸಾಳುವ ವಂಶದ ಜೈನ ಅರಸರು ಈ ನಕ್ಷೆಯನ್ನು ಚೆನ್ನಾಗಿ ಬಲ್ಲವರು. ಗೇರುಸೊಪ್ಪೆ, ಹಾಡುವಳ್ಳಿ, ಭಟ್ಕಳ — ಈ ಮೂರು ನೆಲೆಗಳನ್ನು ಒಟ್ಟಿಗೆ ನೋಡದೆ ಅವರ ರಾಜ್ಯ ಅರ್ಥವಾಗುವುದಿಲ್ಲ. ಹಾಡುವಳ್ಳಿ ಶಾಸನಗಳಲ್ಲಿ ಸಂಗೀತಪುರವಾಗಿದೆ. ‘ಹಾಡು’ ಎಂಬುದನ್ನು ಸಂಗೀತವೆಂದೇ ಅನುವಾದಿಸಿದ ಪಂಡಿತನ ಜಾಣ್ಮೆ ಮೆಚ್ಚುವಂಥದು. ಭಟ್ಕಳವು ವಿಜಯನಗರದ ಮುಖ್ಯ ಬಂದರುಗಳಲ್ಲೊಂದು. ಹದಿನಾರನೆಯ ಶತಮಾನದ ಆರಂಭದಲ್ಲಿ ಪೋರ್ಚುಗೀಸ್ ಲೇಖಕ ದುವಾರ್ತೆ ಬಾರ್ಬೋಸಾ ವರ್ಣಿಸಿದ ಭಟ್ಕಳದಿಂದ ಅಕ್ಕಿ, ಸಕ್ಕರೆ, ಕಬ್ಬಿಣ ಹೊರಹೋಗುತ್ತಿದ್ದವು. ಹೊರ್ಮುಜ್‌ನಿಂದ ಕುದುರೆಗಳೂ ಮುತ್ತುಗಳೂ ಬರುತ್ತಿದ್ದವು. ತಾಮ್ರ, ಪಾದರಸ, ಹವಳ ಮೊದಲಾದವು ಇಲ್ಲಿಂದ ಒಳನಾಡಿಗೆ ಏರುತ್ತಿದ್ದವು. ಅರಬ್ ಸಂಪರ್ಕದ ನವಾಯತರು, ಕೊಂಕಣಿ ವರ್ತಕರು, ಜೈನ ಸೆಟ್ಟಿಗಳು ಒಂದೇ ಪೇಟೆಯಲ್ಲಿ ವ್ಯವಹರಿಸಿದ ಊರದು. ಭಟ್ಕಳದ ಪೇಟೆಬೀದಿಯಲ್ಲಿ ಇಂದಿಗೂ ನಿಂತಿರುವ ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿ ಆ ದಿನಗಳ ಸಾಕ್ಷಿ.

ಈ ಪೇಟೆಗೆ ಮೊದಲ ಹೊಡೆತ ಬಿದ್ದದ್ದು 1502ರಲ್ಲಿ. ಎರಡನೆಯ ಯಾನದಲ್ಲಿ ಬಂದ ವಾಸ್ಕೊ ಡ ಗಾಮ ಭಟ್ಕಳದ ಮೇಲೆ ಬಲಪ್ರಯೋಗಿಸಿ ಅಕ್ಕಿಯ ಕಪ್ಪವನ್ನು ಹೇರಿದ. ಮೆಣಸಿನ ವ್ಯಾಪಾರ ಮಾಡಕೂಡದು, ತುರ್ಕರನ್ನು ಸೇರಿಸಕೂಡದು, ಕಲ್ಲಿಕೋಟೆಗೆ ಹೋಗಕೂಡದು ಎಂಬ ಷರತ್ತುಗಳೂ ಬಂದವು. 1510ರಲ್ಲಿ ಗೋವೆ ಪೋರ್ಚುಗೀಸರ ಕೈವಶವಾದ ಮೇಲೆ ಕುದುರೆಯ ಹಡಗುಗಳನ್ನು ಅತ್ತ ತಿರುಗಿಸಲಾಯಿತು. ಕಡಲಿನಲ್ಲಿ ಸಾಗುವ ಹಡಗು ಅವರ ರಹದಾರಿ ಪತ್ರವನ್ನು ಪಡೆಯಲೇಬೇಕೆಂಬ ಕಟ್ಟಳೆ ಬಂತು. ಕಾರ್ತಾಜ್ ಎಂಬುದು ಆ ಪತ್ರದ ಹೆಸರು. ಅಲ್ಲಿಯವರೆಗೆ ಅರಬ್ಬೀ ಸಮುದ್ರದ ಮೇಲೆ ಒಡೆತನದ ಹಕ್ಕನ್ನು ಈ ಬಗೆಯಲ್ಲಿ ಯಾರೂ ಸಾಧಿಸಿರಲಿಲ್ಲ. ಮುಕ್ತವಾಗಿದ್ದ ವ್ಯಾಪಾರಕ್ಕೆ ಕಾವಲುಗಾರ ಬಂದದ್ದು ಹೀಗೆ. ಜಾಗತೀಕರಣವೆಂದರೆ ಗಡಿಗಳು ಕರಗುವುದು ಎಂದು ನಂಬುವವರು ಈ ಪತ್ರವನ್ನು ನೆನೆಯಬೇಕು. 1542ರಲ್ಲಿ ಭಟ್ಕಳ ಮತ್ತೊಮ್ಮೆ ದಾಳಿಗೆ ತುತ್ತಾಯಿತು. 1565ರಲ್ಲಿ ವಿಜಯನಗರ ಹಾಳಾದಾಗ ಆ ಬಂದರಿನ ಬಹುದೊಡ್ಡ ಗಿರಾಕಿಯೇ ಮರೆಯಾದಂತಾಯಿತು.

ವಿಚಿತ್ರವೆಂದರೆ, ಕರಾವಳಿಯ ಮೇಲೆ ಈ ಒತ್ತಡ ಹೆಚ್ಚುತ್ತಿದ್ದ ಕಾಲವೇ ಗೇರುಸೊಪ್ಪೆಯ ಏಳಿಗೆಯ ಕಾಲವೂ ಹೌದು. ಹದಿನಾರನೆಯ ಶತಮಾನದ ನಡುವಿನದೆನ್ನಲಾದ ಒಂದು ಶಾಸನವು ನಗರದ ವೈಭವವನ್ನು ವರ್ಣಿಸಿ, ಯೋಜನಶ್ರೇಷ್ಠಿ ಎಂಬ ವರ್ತಕ ಕಟ್ಟಿಸಿದ್ದ ನೇಮಿನಾಥ ಚೈತ್ಯಾಲಯದ ಮುಂದೆ ಅವನ ಮೊಮ್ಮಗ ಅಂಬವಣಶ್ರೇಷ್ಠಿ ಕಂಚಿನ ಮಾನಸ್ತಂಭವನ್ನು ನಿಲ್ಲಿಸಿದ ಸಂಗತಿಯನ್ನು ಹೇಳುತ್ತದೆ. ಕರಾವಳಿಯ ಮಾನಸ್ತಂಭಗಳು ಸಾಮಾನ್ಯವಾಗಿ ಕಲ್ಲಿನವು. ಕಲ್ಲಿಗೆ ಇಲ್ಲಿ ಕೊರತೆಯೇನೂ ಇರಲಿಲ್ಲ. ಸೆಟ್ಟಿಯು ಕಂಚನ್ನೇ ಆರಿಸಿಕೊಂಡದ್ದನ್ನು ಭಕ್ತಿಯ ಹೆಚ್ಚಳವೆಂದಷ್ಟೇ ಓದಿದರೆ ಸಾಲದು. ಕಂಚಿಗೆ ಬೇಕಾದ ತಾಮ್ರವು ಈ ಕರಾವಳಿಗೆ ಕಡಲಿನಿಂದ ಬರುತ್ತಿದ್ದ ಸರಕು. ಮೆಣಸು ಹೊರಟ ಹಾದಿಯಲ್ಲಿಯೇ ಲೋಹ ಒಳಬಂದು, ವರ್ತಕನ ಮನೆತನದ ಮೂರನೆಯ ತಲೆಮಾರಿನಲ್ಲಿ ಅದು ಬಸದಿಯ ಅಂಗಳದ ಕಂಬವಾಯಿತು ಎಂದು ಊಹಿಸಿದರೆ ತಪ್ಪಾಗಲಾರದು. ದೂರದ ಪೇಟೆಯ ಲಾಭ ಊರಿನ ರೂಪವಾಗಿ ಮಾರ್ಪಡುವ ಬಗೆಗೆ ಇದಕ್ಕಿಂತ ಸ್ಪಷ್ಟ ನಿದರ್ಶನ ಸಿಗುವುದು ಕಷ್ಟ. ಕಟ್ಟಿಸಿದವನು ಅರಸನಲ್ಲ, ಸೆಟ್ಟಿ ಎಂಬುದನ್ನೂ ಗಮನಿಸಬೇಕು.

ನಗರದ ಇನ್ನೊಂದು ಹೆಗ್ಗುರುತು ಚತುರ್ಮುಖ ಬಸದಿ. ನಾಲ್ಕು ದಿಕ್ಕಿಗೂ ಬಾಗಿಲು, ನಾಲ್ಕೂ ಕಡೆಗೆ ಮುಖಮಾಡಿದ ಜಿನಬಿಂಬಗಳು. 1586ರ ಕಾರ್ಕಳದ ಚತುರ್ಮುಖ ಬಸದಿಯೊಡನೆ ಇದನ್ನು ಹೋಲಿಸುವುದು ವಾಡಿಕೆ. ಸರ್ವತೋಭದ್ರದ ಈ ವಿನ್ಯಾಸಕ್ಕೆ ಶಾಸ್ತ್ರದ ಆಧಾರವಿದೆ. ವ್ಯಾಪಾರದ ಕಾರಣ ಹುಡುಕುವುದು ಅತಿಯಾದೀತು.

ಸಾಹಿತ್ಯದ ವಿದ್ಯಾರ್ಥಿಗಳು ಈ ಪ್ರದೇಶವನ್ನು ಬೇರೊಂದು ದಾರಿಯಿಂದ ಬಲ್ಲರು. ಸಾಳ್ವಮಲ್ಲನ ಆಶ್ರಯದಲ್ಲಿದ್ದ ಸಾಳ್ವಕವಿ ‘ಸಾಳ್ವ ಭಾರತ’ವನ್ನೂ ‘ರಸರತ್ನಾಕರ’ವನ್ನೂ ಬರೆದ. ಗೇರುಸೊಪ್ಪೆಯ ಅಭಿನವ ವಾದಿ ವಿದ್ಯಾನಂದ ‘ಕಾವ್ಯಸಾರ’ವೆಂಬ ಸಂಕಲನವನ್ನು ಸಿದ್ಧಪಡಿಸಿದ, ಇಂದು ಅಲಭ್ಯವಾಗಿರುವ ಎಷ್ಟೋ ಕೃತಿಗಳ ಪದ್ಯಗಳು ಇಂಥ ಸಂಕಲನಗಳಿಂದಲೇ ಉಳಿದುಬಂದಿವೆ. ವಾದಿ ವಿದ್ಯಾನಂದರು ರಾಜಸಭೆಗಳಲ್ಲಿ ನಡೆಸಿದ ವಾದಗಳನ್ನು ಹೊಗಳುವ ಹುಂಚದ ಶಾಸನದಲ್ಲಿ, ಶ್ರೀರಂಗಪಟ್ಟಣದ ಪ್ರಸಂಗವನ್ನು ಹೇಳುವಾಗ, ಫರಂಗಿ ಮತದ ಉಲ್ಲೇಖವೂ ಬರುತ್ತದೆ. ಕಡಲಿನಿಂದ ಬಂದವರು ಸರಕನ್ನಷ್ಟೇ ತರಲಿಲ್ಲ; ತರ್ಕಶಾಸ್ತ್ರದ ವೇದಿಕೆಯಲ್ಲೂ ಅವರ ಹೆಸರು ಸೇರಿಕೊಂಡಿತ್ತು. ಹಾಡುವಳ್ಳಿ ಮಠದ ಅಕಲಂಕದೇವರ ಶಿಷ್ಯ ಭಟ್ಟಾಕಳಂಕದೇವ ‘ಕರ್ಣಾಟಕ ಶಬ್ದಾನುಶಾಸನ’ವನ್ನು ಮುಗಿಸಿದ್ದು 1604ರಲ್ಲಿ. ಸಂಸ್ಕೃತ ಸೂತ್ರಗಳಲ್ಲಿ ಕನ್ನಡದ ಘನತೆಯನ್ನು ಸಾಧಿಸಿದ ಆ ಮಹಾವ್ಯಾಕರಣ ಪೂರ್ಣಗೊಂಡ ಕೆಲವೇ ವರ್ಷಗಳಲ್ಲಿ ಅದರ ಹಿಂದಿನ ರಾಜ್ಯವೇ ಇಲ್ಲವಾಯಿತು.

ಶಬ್ದಗಳಲ್ಲಿಯೂ ಆ ಹಡಗುಗಳ ಗುರುತು ಉಳಿದಿದೆ. ಭಲ್ಲಾತಕೀ ಎಂದರೆ ಈ ನೆಲದ ಕರಿಗೇರು, ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಕಾಯಿ. ಗೇರುಸೊಪ್ಪೆಯ ಹೆಸರಿನ ಗೇರು ಅದು. ಇಂದು ಕರಾವಳಿಯಲ್ಲಿ ಗೇರು ಎಂದರೆ ಮೊದಲು ನೆನಪಾಗುವುದು ಪೋರ್ಚುಗೀಸರು ಬ್ರೆಜಿಲ್‌ನಿಂದ ತಂದ ಗೋಡಂಬಿಯ ಮರ. ಹೊಸ ಮರ ಹಳೆಯ ಹೆಸರನ್ನು ಪಡೆಯಿತು, ಹಳೆಯ ಮರ ‘ಕರಿ’ ಎಂಬ ವಿಶೇಷಣವನ್ನು ತೊಡಬೇಕಾಯಿತು. ಮೆಣಸಿನ ಗತಿಯೂ ಇದೇ. ಅಮೆರಿಕದ ಮೆಣಸಿನಕಾಯಿ ಬಂದು ಅಡುಗೆಮನೆಯನ್ನು ಆಕ್ರಮಿಸಿದ ಮೇಲೆ ಮೂಲ ಮೆಣಸು ತನ್ನ ಮನೆಯಲ್ಲಿಯೇ ಕಾಳುಮೆಣಸು, ಒಳ್ಳೆಮೆಣಸು ಎಂದು ಬಿಡಿಸಿ ಹೇಳಿಸಿಕೊಳ್ಳುವಂತಾಯಿತು.

ಈ ನಗರದ ಕೊನೆಯ ಅಧ್ಯಾಯ ರಾಣಿ ಚೆನ್ನಭೈರಾದೇವಿಯದು. 1552ರಿಂದ 1606ರ ಸುಮಾರಿನವರೆಗೆ, ಐವತ್ತಕ್ಕೂ ಹೆಚ್ಚು ವರ್ಷ, ಆಕೆ ಆಳಿದಳೆಂದು ಇತಿಹಾಸಕಾರರು ಹೇಳುತ್ತಾರೆ. ಪೋರ್ಚುಗೀಸರು ಆಕೆಯನ್ನು ಮೆಣಸಿನ ರಾಣಿ ಎಂದು ಕರೆದರು. ಇದು ಕೊಳ್ಳುವವನು ಮಾರುವವಳಿಗೆ ಇಟ್ಟ ಹೆಸರು. ಬಿರುದೆಂದು ಹಿಗ್ಗುವ ಮೊದಲು ಇದನ್ನು ಯೋಚಿಸಬೇಕು. 1569ರಲ್ಲಿ ವೈಸ್‌ರಾಯ್ ಲೂಯಿಸ್ ದ ಅತಾಯ್ದೆ ಹೊನ್ನಾವರವನ್ನು ಹಿಡಿದು ಅಳಿವೆಯ ಬಾಯಲ್ಲಿಯೇ ಕೋಟೆಯನ್ನು ತನ್ನದಾಗಿಸಿಕೊಂಡ. ಅದೇ ಹೊತ್ತಿನಲ್ಲಿ ಬಸರೂರೂ ಪೋರ್ಚುಗೀಸರ ಪಾಲಾಯಿತು. ಮರುವರ್ಷ ಬಿಜಾಪುರ, ಅಹಮದ್‌ನಗರ, ಕಲ್ಲಿಕೋಟೆಗಳು ಪೋರ್ಚುಗೀಸರ ವಿರುದ್ಧ ಒಂದಾದಾಗ ರಾಣಿಯ ಸೈನ್ಯವೂ ಹೊನ್ನಾವರವನ್ನು ಮುತ್ತಿತು. ಅದು ಫಲಿಸಲಿಲ್ಲ. ಬಾಗಿಲು ಒಬ್ಬರದು, ಒಳಮನೆ ಇನ್ನೊಬ್ಬರದು ಎಂಬ ಸ್ಥಿತಿಯಲ್ಲಿ ಅವಳು ಇನ್ನೂ ಮೂರು ದಶಕಗಳಿಗೂ ಮಿಕ್ಕಿ ಆಳಿದಳು ಎಂಬುದೇ ಆಕೆಯ ರಾಜನೀತಿಯ ಅಳತೆ.

ಅಂತ್ಯ ಬಂದದ್ದು ಕಡಲಿನಿಂದಲ್ಲ, ಘಟ್ಟದ ಮೇಲಿನಿಂದ. ಇಕ್ಕೇರಿಯ ವೆಂಕಟಪ್ಪ ನಾಯಕ ಗೇರುಸೊಪ್ಪೆಯನ್ನು ಗೆದ್ದ. ರಾಣಿ ಸೆರೆಯಲ್ಲಿಯೇ ಕಣ್ಮುಚ್ಚಿದಳೆಂಬುದು ಪ್ರತೀತಿ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ, ವೆಂಕಟಪ್ಪ ನಾಯಕನ ಬಳಿಗೆ ಹೊರಟಿದ್ದ ಪೋರ್ಚುಗೀಸ್ ರಾಯಭಾರಿಯೊಡನೆ ಹೊನ್ನಾವರದಿಂದ ದೋಣಿಯಲ್ಲಿ ಈ ಹೊಳೆಯನ್ನು ಏರಿ ಬಂದ. ನದಿಯ ಚೆಲುವಿಗೆ ಮನಸೋತ ಆತ ಗೇರುಸೊಪ್ಪೆಯಲ್ಲಿ ಕಂಡದ್ದು ಪಾಳುಬಿದ್ದು ಮರಗಳು ಬೆಳೆದ ಒಂದು ಹಳೆಯ ರಾಜಧಾನಿಯನ್ನು. ಅನ್ಯದೇಶದ ಸಾಮಾನ್ಯನೊಬ್ಬನಿಗೆ ರಾಣಿ ಒಲಿದುದೇ ನಾಶಕ್ಕೆ ಮೂಲವಾಯಿತೆಂಬ ಕತೆಯನ್ನೂ ಆತ ದಾಖಲಿಸಿದ. ಸೋತ ಅರಸ ದುರ್ಬಲನಾಗುತ್ತಾನೆ, ಸೋತ ಅರಸಿ ಮೋಹಿತಳಾಗುತ್ತಾಳೆ. ಗೆದ್ದವರ ನಾಡಿನಲ್ಲಿ ಹಬ್ಬಿದ ಈ ಬಗೆಯ ಕತೆಗಳಿಗೆ ಪುರಾವೆಯ ಬೆಲೆ ಕೊಡಲಾಗದು.

ಆತನ ಬರಹದ ನಿಜವಾದ ಮಹತ್ವ ಬೇರೆಡೆ ಇದೆ. ಆ ರಾಯಭಾರದ ಮಾತುಕತೆಯಲ್ಲಿ ಮೆಣಸಿನ ವಿಷಯವೂ ಇತ್ತು. ಎಂದರೆ ವ್ಯಾಪಾರ ಸತ್ತಿರಲಿಲ್ಲ. ಹದಿನೇಳನೆಯ ಶತಮಾನದ ಮೊದಲ ದಶಕಗಳಲ್ಲಿ ಪೋರ್ಚುಗೀಸರು ಕೆನರಾ ಪ್ರದೇಶದ ಮೆಣಸನ್ನು ಹಿಂದಿಗಿಂತ ಹೆಚ್ಚಾಗಿ ಅವಲಂಬಿಸಿದ್ದರು. ಅದೇ ಘಟ್ಟದ ಅದೇ ಬೆಳೆ ಅದೇ ಕಡಲಿಗೆ ಇಳಿಯುತ್ತಲೇ ಇತ್ತು. ವ್ಯಾಪಾರ ಕುಸಿದುದರಿಂದ ನಗರ ಹಾಳಾಯಿತು ಎಂಬ ವಿವರಣೆ ಆದ್ದರಿಂದ ನಿಲ್ಲುವುದಿಲ್ಲ. ಇಕ್ಕೇರಿಯ ಅರಸು ಒಪ್ಪಂದವನ್ನು ಮೇಲೆಯೇ ಮುಗಿಸುತ್ತಿದ್ದ, ಕೋಟೆಯವರು ಸರಕನ್ನು ಕೆಳಗೆ ಪಡೆಯುತ್ತಿದ್ದರು. ನಡುವೆ ನಿಂತು ತೂಗುವ, ಸುಂಕ ಎತ್ತುವ, ಬೆಲೆ ಕಟ್ಟುವ ನಗರವೊಂದು ಯಾರಿಗೂ ಬೇಕಾಗಿರಲಿಲ್ಲ. ಸರಕು ಹಾದುಹೋಗುವ ಊರಿಗೂ ಸರಕಿನ ಮೇಲೆ ಅಧಿಕಾರವುಳ್ಳ ಊರಿಗೂ ಇರುವ ಅಂತರ ಇಷ್ಟು: ಒಂದಕ್ಕೆ ದೋಣಿಕಟ್ಟೆ ಸಾಕು, ಇನ್ನೊಂದು ಬಸದಿ ಕಟ್ಟುತ್ತದೆ, ಕವಿಯನ್ನು ಸಾಕುತ್ತದೆ.

ಶರಾವತಿ ಇಂದು ದೂರದ ಪೇಟೆಗೆ ಬೇರೊಂದು ಸರಕನ್ನು ಒದಗಿಸುತ್ತಿದೆ. ಮೇಲೆ ಲಿಂಗನಮಕ್ಕಿ, ಕೆಳಗೆ ಗೇರುಸೊಪ್ಪೆಯ 240 ಮೆಗಾವಾಟ್ ಸಾಮರ್ಥ್ಯದ ಟೇಲ್‌ರೇಸ್ ಅಣೆಕಟ್ಟು. ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ನೀರನ್ನು ಮೇಲಕ್ಕೆತ್ತಿ ಮತ್ತೆ ಇಳಿಸಿ, ವಿದ್ಯುತ್ತಿನ ಬೇಡಿಕೆ ಏರುವ ಹೊತ್ತಿಗೆ 2000 ಮೆಗಾವಾಟ್ ಪೂರೈಸುವ ಯೋಜನೆಯೊಂದು ರೂಪುಗೊಂಡಿದೆ. ಸಿಂಗಳೀಕಗಳ ಈ ಕಾಡಿನಲ್ಲಿ ಅದಕ್ಕೆ ಸ್ಥಳೀಯರ ಪ್ರತಿರೋಧವೂ ಇದೆ. ಆ ಕಾಡಿನ ಅಂಚಿನಲ್ಲಿಯೇ ನಗರಬಸ್ತಿಕೇರಿಯಿದೆ. ಚತುರ್ಮುಖ ಬಸದಿಗೆ ಸಾಗುವ ಕಾಲುಹಾದಿಯ ಎರಡೂ ಬದಿಗೆ ಹಳೆಯ ಪಂಚಾಂಗದ ಕಲ್ಲುಗಳು ಹಾವಸೆಯ ಕೆಳಗೆ ಕಾಣುತ್ತವೆ. ಸುತ್ತಲಿನ ಮರಗಳಿಗೆ ಕಾಡುಮೆಣಸಿನ ಬಳ್ಳಿ ಹಬ್ಬಿದೆ.